ಆಲಿವ್ ಮೈಬಣ್ಣ: ಮನೆಯಲ್ಲೇ ಗುರುತಿಸುವುದು, ಹೊಂದಿಸಿಕೊಳ್ಳುವುದು

ತಂಗಿಯ ನಿಶ್ಚಿತಾರ್ಥದ ಫೋಟೋ ಬಂದಾಗ ನನ್ನ ಕಣ್ಣು ಹೋಗಿದ್ದು ನನ್ನ ಕುತ್ತಿಗೆಗೆ. ಮುಖ ಕಿತ್ತಳೆ ಕಡೆ ತಿರುಗಿತ್ತು. ಕುತ್ತಿಗೆ ಮಾತ್ರ ನನ್ನದೇ ಬಣ್ಣದಲ್ಲಿತ್ತು. ಪಾರ್ಲರಿನ ಹುಡುಗಿ ಅವಸರ ಮಾಡಿರಲಿಲ್ಲ, ಕೆಟ್ಟ ಸಾಮಾನೂ ಬಳಸಿರಲಿಲ್ಲ. ಮೊದಲು ಫೌಂಡೇಶನ್ನಿನ, ಅಂದರೆ ಮುಖಕ್ಕೆಲ್ಲ ಹಚ್ಚುವ ಮೈಬಣ್ಣದ ಕ್ರೀಮಿನ, ಒಂದು ತಿಳಿ ಶೇಡ್ ಹಚ್ಚಿ ನೋಡಿದ್ದಳು, ಆಮೇಲೆ ಅದಕ್ಕಿಂತ ಗಾಢವಾದದ್ದು. ಎರಡೂ ಕೂರಲಿಲ್ಲ. ಆಮೇಲೂ ಎಷ್ಟೋ ವರ್ಷ ನಾನು ತಿಳಿ-ಗಾಢದಲ್ಲೇ ಹುಡುಕಾಡಿದೆ. ನನ್ನ ಚರ್ಮದ ಒಳಗೆ ಒಂದು ಹಸಿರು ಛಾಯೆ ಇದೆ, ತೊಂದರೆ ಇರುವುದು ಅಲ್ಲಿ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ.

ನಿಮಗೂ ಹೀಗಾಗಿರಬಹುದು. ಹಳದಿ ಛಾಯೆಯ ಫೌಂಡೇಶನ್ ಹಚ್ಚಿದರೆ ಅರಿಶಿನ ಮೆತ್ತಿದ ಹಾಗೆ. ಗುಲಾಬಿ ಛಾಯೆಯದ್ದು ಹಚ್ಚಿದರೆ ಸುಣ್ಣ ಬಳಿದ ಹಾಗೆ. ಟ್ಯೂಬ್‌ಲೈಟ್ ಕೆಳಗೆ ಕೂತರೆ "ಯಾಕೆ, ಹುಷಾರಿಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಮೂರೂ ನಿಮ್ಮ ಅನುಭವಕ್ಕೆ ಬಂದಿದ್ದರೆ, ಒಂದು ಭಾನುವಾರ ಬೆಳಗ್ಗೆ ಬಿಡುವು ಮಾಡಿಕೊಂಡು ಕೆಳಗಿನ ಹಂತಗಳನ್ನು ಮಾಡಿ ನೋಡಿ.

ಆಲಿವ್ ಅಂದರೆ ಯಾವುದು

ಆಲಿವ್ ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುವ ಮರ. ಸ್ಪೇನ್, ಇಟಲಿ, ಗ್ರೀಸ್, ಟರ್ಕಿ, ಲೆಬನಾನ್ ಕಡೆಯ ಜನರ ಮೈಬಣ್ಣ ಹೇಳುವಾಗ ಆ ಕಾಯಿಯ ಹೆಸರು ಬಳಕೆಗೆ ಬಂತು. ಆದರೆ ಬಣ್ಣ ಅಲ್ಲಿಗಷ್ಟೇ ಸೇರಿದ್ದಲ್ಲ. ಅರಬ್ ನಾಡುಗಳಲ್ಲಿ, ಇರಾನಿನಲ್ಲಿ, ಲ್ಯಾಟಿನ್ ಅಮೆರಿಕದಲ್ಲಿ, ಪೂರ್ವ ಏಷ್ಯಾದಲ್ಲಿ, ನಮ್ಮ ಉಪಖಂಡದಲ್ಲಿ, ಎಲ್ಲ ಕಡೆ ಇದೆ.

ಗೊಂದಲ ಶುರುವಾಗುವುದು ಈ ಪದವನ್ನು ಎರಡು ಅರ್ಥದಲ್ಲಿ ಬಳಸುವುದರಿಂದ. ಮೊದಲನೆಯದು ವೈದ್ಯರದ್ದು. ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಒಂದು ವಿಂಗಡಣೆ ಮಾಡಿದರು. ಬಿಸಿಲಿಗೆ ಚರ್ಮ ಸುಟ್ಟು ಕೆಂಪಾಗುತ್ತದೋ, ಇಲ್ಲ ಕಂದಾಗುತ್ತದೋ ಎನ್ನುವುದು ಅದರ ಆಧಾರ. ಅತಿನೇರಳೆ ಕಿರಣದ ಚಿಕಿತ್ಸೆ ಕೊಡುವಾಗ ಯಾರಿಗೆ ಎಷ್ಟು ಕೊಡಬೇಕು ಅಂತ ತೀರ್ಮಾನಿಸಲು ಮಾಡಿದ ಲೆಕ್ಕ ಅದು. ಮೊದಲು ಬಿಳಿ ಚರ್ಮಕ್ಕೆ ನಾಲ್ಕು ವಿಧ ಇದ್ದವು. ಕಂದು ಮತ್ತು ಕಪ್ಪು ಚರ್ಮಕ್ಕೆ 5 ಮತ್ತು 6 ಆಮೇಲೆ ಸೇರಿದವು. ಇದರಲ್ಲಿ ನಾಲ್ಕನೇ ವಿಧಕ್ಕೆ, ಅಂದರೆ ಸುಡುವುದು ಕಡಿಮೆ, ಬೇಗ ಕಂದಾಗುವ ಚರ್ಮಕ್ಕೆ, ಆಲಿವ್ ಅನ್ನುವ ರೂಢಿ ಇದೆ.

ಎರಡನೆಯದು ಮೇಕಪ್ ಮಾಡುವವರ ಅರ್ಥ. ಇಲ್ಲಿ ಆಲಿವ್ ಅಂದರೆ ಅಂಡರ್‌ಟೋನ್, ಒಳಬಣ್ಣ. ಚರ್ಮ ಎಷ್ಟು ಬೆಳ್ಳಗಿದೆ, ಎಷ್ಟು ಕಪ್ಪಗಿದೆ ಎನ್ನುವುದು ಮೇಲಿನ ಬಣ್ಣ. ಅದರ ಕೆಳಗಿನಿಂದ ಇಣುಕುವ ಛಾಯೆ ಒಳಬಣ್ಣ. ಅದು ಗುಲಾಬಿ ಇರಬಹುದು, ಹಳದಿ ಇರಬಹುದು, ಎರಡೂ ಅಲ್ಲದೆ ಹಸಿರು ಬೆರೆತ ಬೂದು ಇರಬಹುದು. ಈ ಕೊನೆಯದೇ ಆಲಿವ್. ಹಾಗಾಗಿ ತುಂಬಾ ಬೆಳ್ಳಗಿರುವವರಲ್ಲೂ ಆಲಿವ್ ಇದೆ, ಕಡುಕಂದು ಬಣ್ಣದವರಲ್ಲೂ ಇದೆ. ಈ ಲೇಖನದಲ್ಲಿ ಆಲಿವ್ ಅಂದಾಗಲೆಲ್ಲ ನಾನು ಹೇಳುತ್ತಿರುವುದು ಈ ಎರಡನೇ ಅರ್ಥ.

ನಮ್ಮ ಪೇಪರುಗಳಲ್ಲಿ ಬರುವ "ಕಾಣೆಯಾಗಿದ್ದಾರೆ" ಪ್ರಕಟಣೆ ಓದಿರುತ್ತೀರಿ. ಕೋಲು ಮುಖ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ. ಇಲ್ಲವೇ ಗೋಧಿ ಮೈಬಣ್ಣ. ಈ ಎರಡು ಪದಗಳನ್ನು ಗಮನಿಸಿ. ಎಣ್ಣೆಗೆಂಪು ಅಂದಾಗ ಕಂದಿನ ಜೊತೆ ಕೆಂಪನ್ನೂ ಹೇಳಿದ ಹಾಗಾಯಿತು. ಗೋಧಿ ಅಂದಾಗ ಹೊಂಬಣ್ಣವನ್ನು ಹೇಳಿದ ಹಾಗಾಯಿತು. ಒಳಬಣ್ಣ ನೋಡುವ ಕಣ್ಣು ನಮಗೆ ಮೊದಲಿಂದಲೂ ಇದೆ! ಶ್ಯಾಮ ಅನ್ನುವ ಹಳೆಯ ಪದಕ್ಕಂತೂ ಕಪ್ಪು, ಕಡುನೀಲಿ, ಕಡುಹಸಿರು ಮೂರೂ ಅರ್ಥ ಇದೆ. ಮದುವೆ ಮಾತುಕತೆಯಲ್ಲಿ ಎಲ್ಲವನ್ನೂ ಬಿಳುಪು-ಕಪ್ಪು ಅಂತ ಎರಡೇ ತಟ್ಟೆಯಲ್ಲಿ ತೂಗುವಾಗ ಆ ಕಣ್ಣು ಮಂಕಾಗುತ್ತದೆ.

ಅಡುಗೆಮನೆಗೆ ಹೋದರೆ ಇದು ಇನ್ನೂ ಸುಲಭವಾಗಿ ತಿಳಿಯುತ್ತದೆ. ಮೂರು ಚಮಚ ತೆಗೆದುಕೊಳ್ಳಿ. ಒಂದರಲ್ಲಿ ಸಾರಿನ ಪುಡಿ, ಒಂದರಲ್ಲಿ ಹುರಿಗಡಲೆ ಪುಡಿ, ಇನ್ನೊಂದರಲ್ಲಿ ಹುರಿಯದೆ ಪುಡಿ ಮಾಡಿದ ಕೊತ್ತಂಬರಿ ಬೀಜ. ಮೂರನ್ನೂ ಒಂದು ಬಿಳಿ ತಟ್ಟೆಯಲ್ಲಿ ಪಕ್ಕಪಕ್ಕ ಹಾಕಿ. ಸಾರಿನ ಪುಡಿ ಕೆಂಪು ಬೆರೆತ ಕಂದು. ಹುರಿಗಡಲೆ ಪುಡಿ ಹಳದಿ. ಕೊತ್ತಂಬರಿ ಪುಡಿಯನ್ನು ಒಂದೇ ನೋಡಿದಾಗ ಸುಮ್ಮನೆ ಕಂದು ಅನ್ನಿಸುತ್ತದೆ. ಉಳಿದೆರಡರ ಪಕ್ಕ ಇಟ್ಟ ಕೂಡಲೇ ಅದರ ಹಸಿರು ಎದ್ದು ಬರುತ್ತದೆ. ಆಲಿವ್ ಚರ್ಮದ ಗುಣವೂ ಇದೇ. ಒಂಟಿಯಾಗಿ ನೋಡಿದರೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಇರಬೇಕು.

ಹಸಿರು ಎಲ್ಲಿಂದ ಬರುತ್ತದೆ

ಚರ್ಮದಲ್ಲಿ ಹಸಿರು ಬಣ್ಣದ ವಸ್ತು ಯಾವುದೂ ಇಲ್ಲ. ಇರುವುದು ಮೆಲನಿನ್, ರಕ್ತದ ಹಿಮೋಗ್ಲೋಬಿನ್ ಮತ್ತು ಸೊಪ್ಪು-ತರಕಾರಿಯಿಂದ ಬರುವ ಹಳದಿ ಕ್ಯಾರೊಟಿನ್. ಮೆಲನಿನ್ನಿನಲ್ಲಿ ಕಂದುಗಪ್ಪು ಬಗೆ ಒಂದು, ಕೆಂಪುಹಳದಿ ಬಗೆ ಇನ್ನೊಂದು. ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಬಿಳಿಯರಲ್ಲೂ ಕಪ್ಪು ಬಣ್ಣದವರಲ್ಲೂ ಹೆಚ್ಚುಕಡಿಮೆ ಒಂದೇ. ಎಷ್ಟು ತಯಾರಾಗುತ್ತದೆ, ಯಾವ ಬಗೆಯದ್ದು, ಹೇಗೆ ಹರಡುತ್ತದೆ ಎನ್ನುವುದರಲ್ಲಿ ವ್ಯತ್ಯಾಸ.

ಕಂದುಗಪ್ಪು ಮೆಲನಿನ್ ಚರ್ಮದ ಆಳದಲ್ಲಿದ್ದರೆ ಮೇಲಿನಿಂದ ನೀಲಿಯಾಗಿ ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಎಳೆ ಮಕ್ಕಳ ಸೊಂಟದ ಕೆಳಗೆ ನೀಲಿ ಮಚ್ಚೆ ಇರುತ್ತದಲ್ಲ, ಅದು ಹೀಗೆ ಆಳದಲ್ಲಿರುವ ಮೆಲನಿನ್. ಬೆಳಕು ಚರ್ಮದೊಳಗೆ ಚದುರಿ ವಾಪಸ್ ಬರುವಾಗ ನೀಲಿ ಜಾಸ್ತಿ ಬರುತ್ತದೆ. ಆ ನೀಲಿಯ ಮೇಲೆ ಹಳದಿಯ ಪರದೆ ಇದ್ದರೆ ಕಣ್ಣಿಗೆ ಹಸಿರು. ಕೆನ್ನೆಯ ಕೆಂಪು ಕಡಿಮೆ ಇದ್ದವರಲ್ಲಿ ಇದು ಇನ್ನಷ್ಟು ಸ್ಪಷ್ಟ. ಅದಕ್ಕೇ ದಣಿದಾಗ, ನಿದ್ದೆಗೆಟ್ಟಾಗ, ಮುಖದಲ್ಲಿ ರಕ್ತ ಕಡಿಮೆ ಆಡುವಾಗ ಆಲಿವ್ ಮುಖ ಬೂದು ಹೊಡೆದಂತೆ ಕಾಣುತ್ತದೆ.

ಹಂತ 1: ಬೆಳಕು ಸರಿಮಾಡಿಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಜನ ತಪ್ಪುವುದು ಇಲ್ಲೇ. ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಬಲ್ಬ್ ಬೆಳಕಿನಲ್ಲೇ ಹಸಿರು ಬೆರೆತಿರಬಹುದು. ಹಳದಿ ಬಲ್ಬಿನಲ್ಲಿ ಎಲ್ಲರೂ ಹೊಂಬಣ್ಣದವರೇ. ಫೋನ್ ಕ್ಯಾಮೆರಾ ಬಣ್ಣವನ್ನು ತಾನಾಗಿಯೇ ತಿದ್ದಿಬಿಡುತ್ತದೆ, ಸೆಲ್ಫಿ ನಂಬಬೇಡಿ.

ಬೆಳಗ್ಗೆ 9ರಿಂದ 11ರೊಳಗೆ ಕಿಟಕಿ ಪಕ್ಕ ಅಥವಾ ಜಗಲಿಯಲ್ಲಿ ನಿಲ್ಲಿ. ನೇರ ಬಿಸಿಲು ಬೀಳಬಾರದು, ಆದರೆ ಬೆಳಕು ಧಾರಾಳ ಇರಬೇಕು. ಎದುರಿನ ಗೋಡೆ ಹಸಿರೋ ಗುಲಾಬಿಯೋ ಆಗಿದ್ದರೆ ಜಾಗ ಬದಲಿಸಿ. ಗೋಡೆಯ ಬಣ್ಣ ಮುಖದ ಮೇಲೆ ಬೀಳುತ್ತದೆ. ಮುಖ ಬರೀ ನೀರಲ್ಲಿ ತೊಳೆದು ಅರ್ಧ ಗಂಟೆ ಬಿಡಿ. ಉಜ್ಜಿದ ಕೂಡಲೇ ನೋಡಿದರೆ ಚರ್ಮ ಕೆಂಪಗಿರುತ್ತದೆ. ಹೆಗಲಿಗೆ ಒಂದು ಬಿಳಿ ಟವೆಲ್ ಹೊದ್ದುಕೊಳ್ಳಿ. ಪೌಡರ್, ಸನ್‌ಸ್ಕ್ರೀನ್ ಏನೂ ಬೇಡ. ಮುಂಚಿನ ದಿನ ಅರಿಶಿನ ಹಚ್ಚಿದ್ದರೆ ಈ ಪರೀಕ್ಷೆಯನ್ನು ಮೂರು ದಿನ ಮುಂದೂಡಿ.

ಹಂತ 2: ಎಲ್ಲಿ ನೋಡಬೇಕು

ಕೆನ್ನೆಯಲ್ಲಿ ನೋಡಬೇಡಿ. ಅಲ್ಲಿ ರಕ್ತದ ಕೆಂಪು, ಮೊಡವೆ ಕಲೆ, ಬಿಸಿಲಿನ ಕಪ್ಪು ಎಲ್ಲ ಸೇರಿರುತ್ತವೆ. ಮೊಣಕೈಯಿಂದ ಕೆಳಗಿನ ಹೊರಭಾಗವೂ ಬೇಡ, ಸ್ಕೂಟರ್ ಓಡಿಸುವವರ ಕೈ ಒಂದು ಛಾಯೆ ಗಾಢವೇ ಇರುತ್ತದೆ. ದವಡೆಯ ಕೆಳಗೆ ಕುತ್ತಿಗೆ ಶುರುವಾಗುವ ಜಾಗ, ಗಂಟಲ ಕೆಳಗಿನ ಎದೆಯ ಭಾಗ, ಮೇಲ್ತೋಳಿನ ಒಳಭಾಗ, ಈ ಮೂರು ಕಡೆ ನೋಡಿ. ಮೇಲ್ತೋಳಿನ ಒಳಭಾಗ ಬಿಸಿಲು ಕಾಣದ ಜಾಗ, ನಿಮ್ಮ ಹುಟ್ಟುಬಣ್ಣ ಅಲ್ಲಿದೆ.

ಹಂತ 3: ಕೈಗಳನ್ನು ಪಕ್ಕಪಕ್ಕ ಇಡಿ

ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಈ ಹಂತವನ್ನು. ಮನೆಯಲ್ಲಿ ನಾಲ್ಕು ಜನ ಸೇರಿದ ದಿನ ಮಾಡಿ.

ನಾವು ಮಾಡಿದ್ದು ಊರಿನ ಮನೆ ಜಗಲಿಯಲ್ಲಿ, ಬಿಳಿ ಪಂಚೆಯೊಂದನ್ನು ಹಾಸಿ. ನಾನು, ತಂಗಿ, ಅತ್ತಿಗೆ, ದೊಡ್ಡಮ್ಮ, ನಾಲ್ವರೂ ತೋಳಿನ ಒಳಭಾಗ ಮೇಲೆ ಮಾಡಿ ಸಾಲಾಗಿ ಇಟ್ಟೆವು. ತಂಗಿ ನನಗಿಂತ ಬೆಳ್ಳಗೆ. ಅವಳ ತೋಳಿನಲ್ಲಿ ಗುಲಾಬಿ ಇತ್ತು. ಅತ್ತಿಗೆಯದ್ದು ತುಪ್ಪದ ಹೊಂಬಣ್ಣ. ದೊಡ್ಡಮ್ಮನದ್ದು ನಮ್ಮೆಲ್ಲರಿಗಿಂತ ಗಾಢ. ಆದರೆ ನನ್ನ ತೋಳು, ದೊಡ್ಡಮ್ಮನ ತೋಳು ಎರಡರಲ್ಲೂ ಒಂದೇ ಬಗೆಯ ಮಸುಕು ಹಸಿರು. "ನೋಡೇ, ಇಷ್ಟು ದಿನ ನೀನು ನಿಮ್ಮಪ್ಪನ ಬಣ್ಣ ಅಂತಿದ್ದೆವು, ನನ್ನ ಬಣ್ಣ ಕಣೇ" ಅಂದರು ದೊಡ್ಡಮ್ಮ. ನನಗಿಂತ ಎರಡು ಛಾಯೆ ಗಾಢವಾಗಿರುವವರ ಜೊತೆ ನನ್ನ ಬಣ್ಣ ಸೇರುತ್ತದೆ, ಒಡಹುಟ್ಟಿದ ತಂಗಿಯ ಜೊತೆ ಸೇರುವುದಿಲ್ಲ. ಮೇಲಿನ ಬಣ್ಣ ಬೇರೆ, ಒಳಬಣ್ಣ ಬೇರೆ ಅನ್ನುವುದು ಆವತ್ತು ನನ್ನ ಕಣ್ಣಿಗೇ ಬಿತ್ತು.

ಒಂದೇ ಮನೆಯಲ್ಲಿ ಇಷ್ಟು ವ್ಯತ್ಯಾಸ ಹೇಗೆ ಅಂತ ಕೇಳುತ್ತಾರೆ. ಮೈಬಣ್ಣ ಒಂದೇ ಜೀನಿನ ಕೆಲಸ ಅಲ್ಲ, ಹಲವು ಜೀನ್‌ಗಳು ಸೇರಿ ಆಗುವುದು. ಅವುಗಳಲ್ಲಿ ಒಂದಾದ ಎಸ್‌ಎಲ್‌ಸಿ24ಎ5 ಪತ್ತೆಯಾಗಿದ್ದು 2005ರಲ್ಲಿ, ಜೀಬ್ರಾ ಮೀನಿನ ಮೇಲಿನ ಸಂಶೋಧನೆಯಿಂದ. ಬಣ್ಣ ತಿಳಿಯಾಗಿಸುವ ಅದರ ರೂಪ ಯುರೋಪಿನಲ್ಲಿ ಹೆಚ್ಚು, ದಕ್ಷಿಣ ಏಷ್ಯಾದಲ್ಲೂ ಸಾಕಷ್ಟಿದೆ. ಅಕ್ಕನಿಗೆ ಒಂದು ಹಂಚಿಕೆ, ತಂಗಿಗೆ ಇನ್ನೊಂದು ಹಂಚಿಕೆ ಬರುವುದು ಸಹಜ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅಚ್ಚ ಬಿಳಿ ಕಾಗದವೊಂದನ್ನು ದವಡೆಯ ಪಕ್ಕ ಹಿಡಿದು ಕನ್ನಡಿ ನೋಡಿ. ಗುಲಾಬಿ ಕಂಡರೆ ತಂಪು ಛಾಯೆ, ಚಿನ್ನದ ಹಳದಿ ಕಂಡರೆ ಬೆಚ್ಚನೆ ಛಾಯೆ, ಬೂದು-ಹಸಿರು ಕಂಡರೆ ಆಲಿವ್.

ಹಂತ 4: ರಕ್ತನಾಳ, ಚಿನ್ನ, ಬೆಳ್ಳಿ

ಮಣಿಕಟ್ಟಿನ ನಾಳ ನೀಲಿ ಕಂಡರೆ ತಂಪು, ಹಸಿರು ಕಂಡರೆ ಬೆಚ್ಚಗೆ ಅಂತ ಎಲ್ಲ ಕಡೆ ಹೇಳುತ್ತಾರೆ. ನಾಳದೊಳಗಿನ ರಕ್ತ ಕಡುಗೆಂಪೇ. ಮೇಲಿನ ಚರ್ಮದ ಬಣ್ಣ ಮತ್ತು ಬೆಳಕು ಚದುರುವ ರೀತಿಯಿಂದ ನೀಲಿ, ಹಸಿರು ಅನ್ನಿಸುತ್ತದೆ. ಆಲಿವ್ ಇರುವವರಿಗೆ ಒಂದು ಕೈಯಲ್ಲಿ ಹಸಿರು, ಇನ್ನೊಂದರಲ್ಲಿ ನೀಲಿಹಸಿರು ಕಾಣಬಹುದು. ಗಾಢ ಚರ್ಮದಲ್ಲಿ ನಾಳವೇ ಕಾಣದಿರಬಹುದು. ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಒಡವೆ ಪರೀಕ್ಷೆಯೂ ಹಾಗೇ, ಅರ್ಧ ಸತ್ಯ. ಒಂದು ಕೈಗೆ ಚಿನ್ನದ ಬಳೆ, ಇನ್ನೊಂದಕ್ಕೆ ಬೆಳ್ಳಿ ಬಳೆ ಹಾಕಿ ನೋಡಿ. ಎರಡೂ ಒಪ್ಪಿದರೆ ಆಲಿವ್ ಇರಬಹುದು. ನನ್ನ ಅನುಭವದಲ್ಲಿ ಫಳಫಳ ಹೊಳೆಯುವ ಹೊಸ ಚಿನ್ನಕ್ಕಿಂತ ಅಜ್ಜಿಯ ಕಾಲದ ಮಾಸಿದ ಚಿನ್ನ, ಆಕ್ಸಿಡೈಸ್ಡ್ ಬೆಳ್ಳಿ ಆಲಿವ್ ಮೈಗೆ ಬಹಳ ಚೆನ್ನಾಗಿ ಕೂರುತ್ತವೆ.

ಹಂತ 5: ಯಾವ ಬಗೆಯ ಆಲಿವ್

ಆಲಿವ್ ಅಂತ ಖಾತ್ರಿಯಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಹಸಿರಿನ ಜೊತೆ ಹಳದಿ ಜಾಸ್ತಿ ಇದೆಯಾ, ಬೂದು ಜಾಸ್ತಿ ಇದೆಯಾ? ಹಳದಿ ಜಾಸ್ತಿ ಇದ್ದರೆ ಬೆಚ್ಚನೆ ಆಲಿವ್. ಇವರನ್ನು ಅಂಗಡಿಯಲ್ಲಿ ಸಾಮಾನ್ಯವಾಗಿ "ನಿಮ್ದು ವಾರ್ಮ್ ಟೋನ್ ಮೇಡಂ" ಅಂತ ಹೇಳಿ ಕಿತ್ತಳೆ ಶೇಡ್ ಕೊಟ್ಟು ಕಳಿಸುತ್ತಾರೆ. ಬೂದು ಜಾಸ್ತಿ ಇದ್ದರೆ ತಂಪು ಆಲಿವ್. ಇವರಿಗೆ ಗುಲಾಬಿ ಶೇಡ್ ಸಿಗುತ್ತದೆ, ಹಚ್ಚಿದರೆ ಮುಖ ಸುಣ್ಣ. ಎರಡರ ನಡುವೆ ಇರುವವರೇ ಬಹಳ. ಖಾಕಿ ಬಟ್ಟೆಯನ್ನು ಮುಖದ ಹತ್ತಿರ ಹಿಡಿದು ನೋಡಿ. ಚರ್ಮ ಮತ್ತು ಬಟ್ಟೆ ಒಂದರಲ್ಲೊಂದು ಕರಗಿದ ಹಾಗೆ ಕಂಡರೆ ನಿಮ್ಮ ಹಸಿರು ಗಟ್ಟಿಯಾಗಿದೆ ಅಂತ ತಿಳಿಯಿರಿ.

ಹಂತ 6: ಫೌಂಡೇಶನ್ ಹೊಂದಿಸುವುದು

ಕೈಯ ಹಿಂಭಾಗದಲ್ಲಿ ಹಚ್ಚಿ ನೋಡುವುದನ್ನು ಬಿಟ್ಟುಬಿಡಿ. ಕೈ ಬೇರೆ, ಮುಖ ಬೇರೆ. ದವಡೆಯಿಂದ ಕುತ್ತಿಗೆಗೆ ಇಳಿಯುವ ಹಾಗೆ ಮೂರು ಗೆರೆ ಎಳೆಯಿರಿ. ಒಂದು ಗುಲಾಬಿ ಛಾಯೆಯದು, ಒಂದು ಹಳದಿ, ಒಂದು ಎರಡರ ನಡುವಿನ ನ್ಯೂಟ್ರಲ್. ಮೂರೂ ನಿಮ್ಮ ಬಣ್ಣದಷ್ಟೇ ಗಾಢ ಇರಲಿ. ಹಚ್ಚಿ ಅಂಗಡಿಯಿಂದ ಹೊರಗೆ ಬಂದು 20 ನಿಮಿಷ ತಿರುಗಾಡಿ. ಗಾಳಿ, ಬೆವರು, ಚರ್ಮದ ಎಣ್ಣೆ ಸೇರಿ ಎಷ್ಟೋ ಫೌಂಡೇಶನ್‌ಗಳು ಒಂದು ಛಾಯೆ ಗಾಢವಾಗುತ್ತವೆ, ಕಿತ್ತಳೆಗೂ ತಿರುಗುತ್ತವೆ. ಆಮೇಲೆ ಹಗಲು ಬೆಳಕಿನಲ್ಲಿ ನೋಡಿ. ಯಾವ ಗೆರೆ ಕಾಣೆಯಾಗಿದೆಯೋ ಅದು ನಿಮ್ಮದು. ಮೂರೂ ಎದ್ದು ಕಾಣುತ್ತಿದ್ದರೆ, ನ್ಯೂಟ್ರಲ್ ಗೆರೆ ಕೂಡ ಗುಲಾಬಿಯಾಗಿ ಕಂಡರೆ, ನೀವು ಆಲಿವ್ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ.

ಶೇಡ್‌ನ ಹೆಸರು ನಂಬಿ ಕೊಳ್ಳಬೇಡಿ. ಒಂದು ಕಂಪನಿಯ ಆಲಿವ್ ಇನ್ನೊಂದು ಕಂಪನಿಯ ಬರೀ ಹಳದಿ ಆಗಿರಬಹುದು. ಅಕ್ಷರಗಳೂ ಒಂದೊಂದು ಕಡೆ ಒಂದೊಂದು ಥರ. ಮ್ಯಾಕ್ ಕಂಪನಿಯ ಶೇಡ್‌ಗಳಲ್ಲಿ ಎನ್‌ಸಿ ಅಂದರೆ ನ್ಯೂಟ್ರಲ್ ಕೂಲ್, ಆದರೆ ಅದು ಹಳದಿ ಛಾಯೆಯ ಚರ್ಮಕ್ಕೆ. ಎನ್‌ಡಬ್ಲ್ಯೂ ಅಂದರೆ ನ್ಯೂಟ್ರಲ್ ವಾರ್ಮ್, ಅದು ಗುಲಾಬಿ ಛಾಯೆಯವರಿಗೆ. ಬೇರೆ ಕಡೆಯ ಲೆಕ್ಕಕ್ಕೆ ಇದು ತದ್ವಿರುದ್ಧ.

ಸರಿಯಾದ ಶೇಡ್ ಸಿಗದಿದ್ದರೆ ಬೆರೆಸಿಕೊಳ್ಳಬಹುದು. ಫೌಂಡೇಶನ್‌ಗೆ ಸೇರಿಸಲೆಂದೇ ನೀಲಿ ಮತ್ತು ಹಸಿರು ಮಿಕ್ಸರ್ ಸಿಗುತ್ತವೆ. ನಿಮ್ಮ ಫೌಂಡೇಶನ್ ಹಳದಿ ಅಥವಾ ಕಿತ್ತಳೆಯಾಗಿ ಕಂಡರೆ ನೀಲಿ ತಗೊಳ್ಳಿ. ಹಳದಿಗೆ ನೀಲಿ ಸೇರಿದರೆ ಹಸಿರು, ಕಿತ್ತಳೆಗೆ ನೀಲಿ ಸೇರಿದರೆ ಕಿತ್ತಳೆ ಸಾಯುತ್ತದೆ. ಗುಲಾಬಿಯಾಗಿ ಕಂಡರೆ ಹಸಿರು ತಗೊಳ್ಳಿ. ಎರಡು ಪಂಪ್ ಫೌಂಡೇಶನ್‌ಗೆ ಮೊದಲು ಒಂದು ಸಾಸಿವೆ ಕಾಳಿನಷ್ಟೇ ಹಾಕಿ, ಸಣ್ಣ ತಟ್ಟೆಯಲ್ಲಿ ಚೆನ್ನಾಗಿ ಕಲೆಸಿ, ದವಡೆಗೆ ಹಚ್ಚಿ ನೋಡಿ. ಸಾಲದಿದ್ದರೆ ಇನ್ನೊಂದು ಸಾಸಿವೆಯಷ್ಟು. ಒಂದೇ ಸಲ ಜಾಸ್ತಿ ಬಿದ್ದರೆ ಮುಖ ಬೂದಿಯಾಗುತ್ತದೆ, ಪೂರ್ತಿ ಚೆಲ್ಲಬೇಕಾಗುತ್ತದೆ. ಬಾಟಲಿಯೊಳಗೆ ನೇರವಾಗಿ ಸುರಿಯಬೇಡಿ. ರಂಗೋಲಿ ಪುಡಿ, ಹೋಳಿ ಬಣ್ಣ, ಅಡುಗೆ ಬಣ್ಣ ಯಾವುದೂ ಬೇಡ.

ಟಾಲ್ಕಂ ಪೌಡರ್ ಬಗ್ಗೆ ಒಂದು ಮಾತು. ಬಿಳಿ ಪೌಡರ್ ಆಲಿವ್ ಚರ್ಮದ ಮೇಲೆ ಕೂತರೆ ಬೂದು ಬಣ್ಣವೇ. ಬೆವರು ಹೀರಲು ಬೇಕೆಂದರೆ ತಿಳಿಹಳದಿ ಬಣ್ಣದ ಅಥವಾ ಬಣ್ಣವೇ ಇಲ್ಲದ ಕಾಂಪ್ಯಾಕ್ಟ್ ಬಳಸಿ. ಕಣ್ಣಿನ ಕೆಳಗಿನ ಕಪ್ಪು ನೀಲಿ ಛಾಯೆಯಲ್ಲಿದ್ದರೆ ಕಲೆ ಮುಚ್ಚುವ ಕನ್ಸೀಲರ್‌ಗಿಂತ ಮೊದಲು ಆ ನೀಲಿಯನ್ನು ತಗ್ಗಿಸುವ ಪೀಚ್ ಕರೆಕ್ಟರ್, ಗಾಢ ಚರ್ಮಕ್ಕೆ ಕಿತ್ತಳೆ ಕರೆಕ್ಟರ್, ತೆಳುವಾಗಿ ಹಚ್ಚಿ. ತುಟಿಗೆ ಇಟ್ಟಿಗೆ ಕೆಂಪು, ನೇರಳೆ ಹಣ್ಣಿನ ಬಣ್ಣ, ಕಂದು ಬೆರೆತ ಗುಲಾಬಿ ಒಪ್ಪುತ್ತವೆ. ಹಾಲು ಬೆರೆಸಿದಂಥ ತಿಳಿಗುಲಾಬಿ ತುಟಿಯನ್ನು ಒಣಗಿದಂತೆ ತೋರಿಸುತ್ತದೆ.

ಮದುವೆ ಹೆಣ್ಣಿಗೆ

ಇದನ್ನು ಬೇರೆಯಾಗಿ ಹೇಳಲೇಬೇಕು. ಮೇಕಪ್ ಟ್ರಯಲ್ ಮಾಡುವುದು ಒಂದು ತಿಂಗಳ ಮುಂಚೆ, ಬರೀ ಮುಖದ ಮೇಲೆ. ಮದುವೆ ದಿನದ ಮೇಕಪ್ ಆಗುವುದು ಅರಿಶಿನ ಶಾಸ್ತ್ರದ ಮಾರನೇ ದಿನ. ಟ್ರಯಲ್‌ನಲ್ಲಿ ಕೂತ ಶೇಡ್ ಆವತ್ತು ಕೂರುವುದಿಲ್ಲ. ಒಳಗಿನ ಹಸಿರಿನ ಮೇಲೆ ಅರಿಶಿನದ ಹಳದಿ ನಿಂತಿರುತ್ತದಲ್ಲ, ಫೋಟೋದಲ್ಲಿ ಕಾಮಾಲೆ ಆದವರ ಹಾಗೆ ಬರುತ್ತದೆ.

ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಶಾಸ್ತ್ರ ಮುಗಿದ ಸಂಜೆ ಮುಖ, ಕುತ್ತಿಗೆ, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ 10 ನಿಮಿಷ ಬಿಟ್ಟು, ಹತ್ತಿಯಿಂದ ಒರೆಸಿ, ಆಮೇಲೆ ಕಡಲೆಹಿಟ್ಟು ಹಾಕಿ ತೊಳೆಯಿರಿ. ಮೊಡವೆ ಇರುವವರು ಕೊಬ್ಬರಿ ಎಣ್ಣೆ ಬದಲು ಕ್ಲೆನ್ಸಿಂಗ್ ಎಣ್ಣೆ ಬಳಸಿ. ಜೋರಾಗಿ ಉಜ್ಜಬೇಡಿ. ಮುಖಕ್ಕೆ ಶಾಸ್ತ್ರಕ್ಕೆಂದು ಒಂದು ಬೊಟ್ಟು ಮಾತ್ರ ಇಟ್ಟು, ಕೈಕಾಲಿಗೆ ಧಾರಾಳ ಹಚ್ಚಿ ಅಂತ ಹಿರಿಯರಿಗೆ ಮೊದಲೇ ಹೇಳಿದರೆ ಅವರೂ ಒಪ್ಪುತ್ತಾರೆ, ನಮ್ಮನೆಯಲ್ಲಿ ಒಪ್ಪಿದರು. ಮೇಕಪ್ ಮಾಡುವವರಿಗೆ "ಮುಖವನ್ನು ಕುತ್ತಿಗೆಗೆ ಹೊಂದಿಸಿ, ಕುತ್ತಿಗೆಯನ್ನು ಮುಖಕ್ಕಲ್ಲ" ಅಂತ ಹೇಳಿ. ಅವರ ಲೈಟ್ ಆರಿಸಿ, ಕಿಟಕಿ ಹತ್ತಿರ ಬಂದು ಒಂದು ಸಲ ನೋಡಿಕೊಳ್ಳಿ.

ಹಂತ 7: ಸೀರೆ ಮತ್ತು ಬ್ಲೌಸ್

ಸೀರೆಯಷ್ಟೇ ಬ್ಲೌಸ್ ಕೂಡ ಮುಖ್ಯ, ಕುತ್ತಿಗೆಗೆ ಅಂಟಿಕೊಂಡಿರುವುದು ಅದೇ. ಗಾಢವಾದ, ತುಂಬಿದ ಬಣ್ಣಗಳು ಆಲಿವ್ ಮೈಯನ್ನು ಎತ್ತಿ ತೋರಿಸುತ್ತವೆ. ಇಳಕಲ್ ಸೀರೆಯ ದಾಳಿಂಬೆ ಕೆಂಪು, ನವಿಲುಹಸಿರು, ಬದನೆಕಾಯಿ ನೇರಳೆ, ಅಂಗಡಿಯವರು ರಾಮಾ ಗ್ರೀನ್ ಅನ್ನುವ ಹಸಿರು, ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರಿನಿಂದ ಎಂ.ಎಸ್. ಬ್ಲೂ ಅಂತಲೇ ಕರೆಯುವ ನೀಲಿ, ಇವನ್ನು ಕಣ್ಣು ಮುಚ್ಚಿ ತಗೊಳ್ಳಿ. ಬೆಚ್ಚನೆ ಆಲಿವ್‌ಗೆ ಇಟ್ಟಿಗೆ ಕೆಂಪು ಮತ್ತು ಕಂದು, ತಂಪು ಆಲಿವ್‌ಗೆ ನೇರಳೆ ಮತ್ತು ರಾಣಿ ಪಿಂಕ್ ಇನ್ನೂ ಚೆನ್ನ.

ಸಾಸಿವೆ ಹಳದಿ, ಖಾಕಿ, ಮೈಬಣ್ಣವನ್ನೇ ಹೋಲುವ ಬಿಸ್ಕತ್ ಬಣ್ಣ ಮುಖದ ಕಳೆ ಎಳೆದುಬಿಡುತ್ತವೆ. ಹಾಗಂತ ಅಮ್ಮ ಕೊಟ್ಟ ಸಾಸಿವೆ ಬಣ್ಣದ ಮೈಸೂರು ರೇಷ್ಮೆಯನ್ನು ಬೀರುವಿನಲ್ಲಿ ಇಡಬೇಕಾಗಿಲ್ಲ. ಕಡುಗೆಂಪು ಬ್ಲೌಸ್ ಹೊಲಿಸಿ. ಮುಖಕ್ಕೂ ಸಾಸಿವೆ ಬಣ್ಣಕ್ಕೂ ನಡುವೆ ಆ ಕೆಂಪು ನಿಂತರೆ ಸಾಕು.

ಹಂತ 8: ಬಿಸಿಲು, ಬಂಗು, ಕಲೆ

ನಮ್ಮಂಥ ಕಂದು ಮೈಯವರ ಆಲಿವ್ ಚರ್ಮ ಸುಲಭವಾಗಿ ಸುಡುವುದಿಲ್ಲ, ಬೇಗ ಕಂದಾಗುತ್ತದೆ, ಆ ಕಂದು ಬೇಗ ಇಳಿಯುವುದಿಲ್ಲ. ಒಂದು ಮೊಡವೆ ಚಿವುಟಿದರೆ ಅದರ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೆನ್ನೆಯ ಮೇಲೆ ಬಂಗು ಬರುವುದೂ ಇಂಥ ಚರ್ಮದಲ್ಲಿ ಜಾಸ್ತಿ, ಅದರಲ್ಲೂ ಬಸಿರಿನಲ್ಲಿ ಮತ್ತು ಆಮೇಲೆ.

ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಸಾಕು. ಮುಖಕ್ಕೂ ಕುತ್ತಿಗೆಗೂ ಸೇರಿ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಜಿಂಕ್ ಇರುವ ಬಿಳಿ ಸನ್‌ಸ್ಕ್ರೀನ್ ಮುಖವನ್ನು ಬೂದು ಮಾಡುತ್ತದೆ ಅಂತ ಎಷ್ಟೋ ಜನ ಬಿಟ್ಟೇಬಿಡುತ್ತಾರೆ. ಅವರು ಬಣ್ಣ ಬೆರೆತ ಸನ್‌ಸ್ಕ್ರೀನ್ ನೋಡಬೇಕು. ಕಂದು ಚರ್ಮದಲ್ಲಿ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್. ಲೇಬಲ್ ಮೇಲೆ ಸಿಐ 77491, 77492, 77499 ಎಂಬ ಸಂಖ್ಯೆ ಇದ್ದರೆ ಅದು ಇದೆ ಅಂತ ಅರ್ಥ. ಬಣ್ಣ ಕೊಡುವುದೂ ಅದೇ, ಹಾಗಾಗಿ ಬೂದು ಬಡಿದಂತೆ ಕಾಣುವುದಿಲ್ಲ.

ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಬೇಡಿ. ನಿಂಬೆಯ ರಸ, ಬಿಸಿಲು ಸೇರಿದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ.

ಬೆಳ್ಳಗಾಗುವ ಕ್ರೀಮ್ ಬಗ್ಗೆ ನನಗೆ ನಿಜಕ್ಕೂ ಸಂಕಟ ಇದೆ. ಪರಿಚಯದ ಹುಡುಗಿಯೊಬ್ಬಳು ಮೆಡಿಕಲ್ ಶಾಪಿನಿಂದ ಒಂದು ಮುಲಾಮು ತಂದು ಆರು ತಿಂಗಳು ಹಚ್ಚಿದಳು. ಮೊದಲ ತಿಂಗಳು ಮುಖ ತಿಳಿಯಾಯಿತು. ಆಮೇಲೆ ಕೆನ್ನೆ ತೆಳುವಾಗಿ, ಕೆಂಪು ನಾಳಗಳು ಕಾಣಿಸಿಕೊಂಡು, ಒಂದು ದಿನ ಬಿಟ್ಟರೂ ಉರಿ. ಅದು ಸ್ಟೀರಾಯ್ಡ್. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ವೈದ್ಯರು ಹೇಳದೆ ಮುಖಕ್ಕೆ ಹಚ್ಚಬೇಡಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ತಯಾರಕರ ಹೆಸರು, ಒಳಗೇನಿದೆ ಎಂಬ ವಿವರ ಇಲ್ಲದ ಡಬ್ಬಿಗಳಲ್ಲಿ ಪಾದರಸವೂ ಇರಬಹುದು, ಅದು ಮೂತ್ರಪಿಂಡ ಹಾಳುಮಾಡುತ್ತದೆ. ಒಳಗಿನ ಹಸಿರು ಯಾವ ಕ್ರೀಮಿಗೂ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಬಣ್ಣ ಬದಲಾದರೆ

ಆಲಿವ್ ಚರ್ಮ ಸ್ವಭಾವತಃ ಹಳದಿ-ಹಸಿರು ಆಗಿರುವುದರಿಂದ ಕಾಯಿಲೆಯ ಗುರುತು ತಡವಾಗಿ ಕಾಣುತ್ತದೆ. ಕಾಮಾಲೆ ಅನುಮಾನ ಬಂದರೆ ಮೈ ನೋಡಬೇಡಿ, ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಗುಡ್ಡೆ ನೋಡಿ. ಅದು ಹಳದಿಯಾಗಿದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ. ಅಂಗೈ, ಅಂಗಾಲು ಮಾತ್ರ ಹಳದಿಯಾಗಿ ಕಣ್ಣು ಬೆಳ್ಳಗೇ ಇದ್ದರೆ ಕ್ಯಾರೆಟ್, ಪಪ್ಪಾಯ, ಸಿಹಿಗುಂಬಳ ಜಾಸ್ತಿ ತಿಂದಿದ್ದರಿಂದ ಇರಬಹುದು, ತಿನ್ನುವುದು ಕಡಿಮೆ ಮಾಡಿದರೆ ನಿಧಾನವಾಗಿ ಇಳಿಯುತ್ತದೆ. ರಕ್ತಹೀನತೆಗೆ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗೆ ನೋಡಿ. ಕೆಂಪಿರಬೇಕಾದ ಜಾಗ ಬಿಳಿಚಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. "ನನ್ನ ಬಣ್ಣವೇ ಹೀಗೆ" ಅಂತ ಸುಮ್ಮನಿರಬೇಡಿ. ಕುತ್ತಿಗೆ ಹಿಂದೆ, ಕಂಕುಳಲ್ಲಿ ವೆಲ್ವೆಟ್ ಥರ ದಪ್ಪಗೆ ಕಪ್ಪಾಗಿದ್ದರೆ ಅದು ಕೊಳೆ ಅಲ್ಲ, ಉಜ್ಜಿದರೆ ಹೋಗುವುದಿಲ್ಲ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಅನ್ನುವ ಸೂಚನೆ ಇರಬಹುದು, ಸಕ್ಕರೆ ಪರೀಕ್ಷೆ ಮಾಡಿಸಿ.

ಬರೆದಿಟ್ಟುಕೊಳ್ಳಿ

ಮೇಕಪ್ ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ. ನಿಮ್ಮ ಫೌಂಡೇಶನ್ ಶೇಡ್, ಎರಡು ಪಂಪ್‌ಗೆ ಎಷ್ಟು ಸಾಸಿವೆ ನೀಲಿ, ಯಾವ ತಿಂಗಳಲ್ಲಿ ಹೊಂದಿಸಿದ್ದು, ಇಷ್ಟು ಬರೆಯಿರಿ. ಏಪ್ರಿಲ್ ಬಿಸಿಲಿನಲ್ಲಿ ಹೊಂದಿದ ಶೇಡ್ ಆಗಸ್ಟ್ ಮಳೆಯಲ್ಲಿ ಗಾಢವಾಗಿ ಕಾಣುತ್ತದೆ. ನಾನು ಎರಡು ಶೇಡ್ ಇಟ್ಟುಕೊಂಡಿದ್ದೇನೆ, ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು. ನಡುವಿನ ತಿಂಗಳುಗಳಲ್ಲಿ ಎರಡನ್ನೂ ಅರ್ಧರ್ಧ ಕಲೆಸುತ್ತೇನೆ. ನೀಲಿ ಮಾತ್ರ ವರ್ಷವಿಡೀ ಅಷ್ಟೇ, ಎರಡು ಪಂಪ್‌ಗೆ ಒಂದೂವರೆ ಸಾಸಿವೆ.